ಫೇರ್‌ಫೀಲ್ಡ್ ಖಾಲಿಯಾಗುತ್ತಿದೆಯೇ?

ಪ್ರಶ್ನೆ: ನನ್ನ ಮಗನಿಗೆ ಅಮೆರಿಕದ ಅಯೋವಾ ರಾಜ್ಯದ ಫೇರ್‌ಫೀಲ್ಡ್ ಎಂಬ ಊರಿನಲ್ಲಿರುವ ಮಹರ್ಷಿ ಇಂಟರ್‌ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿಗೆ ಪ್ರವೇಶ ಸಿಕ್ಕಿದೆ. ಊರಿನ ಬಗ್ಗೆ ತಿಳಿಯೋಣವೆಂದು ಜನಗಣತಿಯ ಅಂಕಿಗಳನ್ನು ಹುಡುಕಿದೆ. ಆ ಊರು ಇರುವ ಜೆಫರ್ಸನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಜನಸಂಖ್ಯೆ ಹತ್ತು ವರ್ಷಗಳಲ್ಲಿ ಶೇ 7ರಷ್ಟು ಇಳಿದಿದೆ. ಪಕ್ಕದಲ್ಲೇ ಇರುವ ಮಹರ್ಷಿ ವೇದಿಕ್ ಸಿಟಿ ಎಂಬ ಪುಟ್ಟ ನಗರದಲ್ಲಂತೂ 1,294 ಜನರಿದ್ದವರು 277ಕ್ಕೆ ಇಳಿದಿದ್ದಾರೆ. ಊರಿನ ಆದಾಯ ದೇಶದ ಮಟ್ಟಕ್ಕಿಂತ ಕೆಳಗಿದೆ, ಬಡತನವೂ ಇದೆ. ಜನ ಬಿಟ್ಟು ಹೋಗುತ್ತಿರುವ ಬಡ ಊರಿಗೆ ಮಗನನ್ನು ಕಳುಹಿಸುತ್ತಿದ್ದೇನೆಯೇ? ನಾನು ನಿವೃತ್ತ ಬ್ಯಾಂಕ್ ಅಧಿಕಾರಿ. ಅಂಕಿಗಳನ್ನು ಓದಲು ಬರುತ್ತದೆ ಅಂದುಕೊಂಡಿದ್ದೆ.

ಉತ್ತರ: ನಿಮಗೆ ಓದಲು ಬರುತ್ತದೆ. ನೀವು ಬರೆದ ಅಂಕಿಗಳೆಲ್ಲವೂ ಸರಿಯಾಗಿವೆ. ತೊಂದರೆ ಇರುವುದು ಸಣ್ಣ ಊರಿನಲ್ಲಿ. ಹತ್ತು ಲಕ್ಷ ಜನರ ನಗರದಲ್ಲಿ ಒಂದು ವಿದ್ಯಾರ್ಥಿನಿಲಯ ತೆರೆದರೂ ಮುಚ್ಚಿದರೂ ಅಂಕಿ ಅಲ್ಲಾಡುವುದಿಲ್ಲ. ಹತ್ತು ಸಾವಿರ ಜನರ ಊರಿನಲ್ಲಿ ಒಂದೇ ಒಂದು ಕಟ್ಟಡ ಇಡೀ ಊರಿನ ಜಾತಕವನ್ನು ಬದಲಿಸಿಬಿಡುತ್ತದೆ. ಆದ್ದರಿಂದ ಇಂಥ ಊರಿನ ಕೋಷ್ಟಕ ಕೈಗೆ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಆ ಕಟ್ಟಡ ಯಾವುದು ಎಂದು.

ಫೇರ್‌ಫೀಲ್ಡ್‌ನ ವಿಷಯದಲ್ಲಿ ಅದನ್ನು ಹುಡುಕಲು ಕಾಗದ, ಪೆನ್ಸಿಲ್ ಸಾಕು. ಜೆಫರ್ಸನ್ ಕೌಂಟಿಯಲ್ಲಿ 2010ರ ಗಣತಿಯ ಪ್ರಕಾರ 16,843 ಜನ, 2020ರಲ್ಲಿ 15,663. ಕಳೆದುಹೋದವರು 1,180. ಇದರಲ್ಲಿ ವೇದಿಕ್ ಸಿಟಿಯ ಪಾಲೇ 1,017. ಫೇರ್‌ಫೀಲ್ಡ್‌ನಲ್ಲಿ 9,464 ಇದ್ದದ್ದು 9,416 ಆಯಿತು, ಅಂದರೆ 48 ಜನ ಕಡಿಮೆ. ಕೌಂಟಿಯ ಉಳಿದ ಹಳ್ಳಿ, ಹೊಲಮನೆಗಳೆಲ್ಲ ಸೇರಿ 115. ವೇದಿಕ್ ಸಿಟಿಯನ್ನು ಬದಿಗಿಟ್ಟರೆ ಕೌಂಟಿಯ ಇಳಿಕೆ ಶೇ 1ರ ಆಸುಪಾಸು. ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆಯ ಅಯೋವಾದಲ್ಲಿ, ಯಂತ್ರಗಳು ಬಂದಂತೆಲ್ಲ ಹೊಲದಿಂದ ಜನ ಕರಗುತ್ತಲೇ ಇರುವ ನಾಡಿನಲ್ಲಿ, ಇದನ್ನು ನಾನು ಇಳಿಕೆ ಎಂದೇ ಕರೆಯಲಾರೆ. ಊರು ನಿಂತಲ್ಲೇ ನಿಂತಿದೆ.

ಹಾಗಾದರೆ ಆ ಸಾವಿರ ಜನ ಯಾರು? ಇಲ್ಲಿ ನಮ್ಮ ದೇಶದವರೇ ಬರುತ್ತಾರೆ. ಭಾವಾತೀತ ಧ್ಯಾನವನ್ನು ಹರಡಿದ ಮಹರ್ಷಿ ಮಹೇಶ ಯೋಗಿಯವರ ಅನುಯಾಯಿಗಳು 2001ರಲ್ಲಿ ಫೇರ್‌ಫೀಲ್ಡ್‌ನ ಉತ್ತರಕ್ಕೆ ವೇದಿಕ್ ಸಿಟಿಯನ್ನು ಅಧಿಕೃತ ನಗರವಾಗಿ ಸ್ಥಾಪಿಸಿದರು. ಪೂರ್ವಕ್ಕೆ ಮುಖ ಮಾಡಿದ, ನೆತ್ತಿಯ ಮೇಲೆ ಕಲಶವಿಟ್ಟ, ವಾಸ್ತುವಿನಂತೆ ಕಟ್ಟಿದ ಮನೆಗಳ ಊರು ಅದು. ಕೆಲವು ವರ್ಷಗಳ ನಂತರ ವಿಶ್ವಶಾಂತಿಗಾಗಿ ವೇದಪಠಣ, ಧ್ಯಾನ ನಡೆಸಲೆಂದು ಭಾರತದಿಂದ ನೂರಾರು ಯುವ ಪಂಡಿತರನ್ನು ಕರೆತಂದು ಅಲ್ಲಿಯ ಆವರಣವೊಂದರಲ್ಲಿ ಇರಿಸಿದರು. 2010ರ ಗಣತಿ ನಡೆದಾಗ ಅವರು ಅಲ್ಲಿದ್ದರು. 2020ರ ಹೊತ್ತಿಗೆ ಬಹುತೇಕರು ಇರಲಿಲ್ಲ. ಅಮೆರಿಕದ ಗಣತಿ ಪೌರತ್ವವನ್ನು ನೋಡುವುದಿಲ್ಲ. ಏಪ್ರಿಲ್ 1ರಂದು ಒಬ್ಬ ವ್ಯಕ್ತಿಯ ರೂಢಿಯ ವಾಸ ಎಲ್ಲಿ, ಹೆಚ್ಚಿನ ರಾತ್ರಿಗಳನ್ನು ಎಲ್ಲಿ ಕಳೆಯುತ್ತಾನೆ ಎಂಬುದಷ್ಟೇ ಅದಕ್ಕೆ ಮುಖ್ಯ. ಹಾಗಾಗಿ ಅಯೋವಾದ ಹೊಲಗಳ ನಡುವೆ ವೇದ ಹೇಳುತ್ತಿದ್ದ ಭಾರತದ ತರುಣರು ಜೆಫರ್ಸನ್ ಕೌಂಟಿಯ ನಿವಾಸಿಗಳಾದರು. ಅವರು ಹೊರಟ ಮೇಲೆ ಕೌಂಟಿ 'ಕುಗ್ಗಿತು'.

ತಮಾಷೆಯೆಂದರೆ ಹಿಂದಿನ ದಶಕದ ಏರಿಕೆಗೂ ಇದೇ ಕಾರಣ. 2000ದಲ್ಲಿ ಕೌಂಟಿಯ ಜನಸಂಖ್ಯೆ 16,181 ಇತ್ತು. 2010ಕ್ಕೆ 662 ಹೆಚ್ಚಿದಾಗ ಯಾರಾದರೂ ಆರ್ಥಿಕ ತಜ್ಞರು ಅದನ್ನು ಗ್ರಾಮೀಣ ಅಯೋವಾದ ಪುನಶ್ಚೇತನ ಎಂದು ಬಣ್ಣಿಸಿದ್ದರೆ, 2020ರಲ್ಲಿ ಅವರೇ ಅದರ ಪತನವನ್ನೂ ಬಣ್ಣಿಸಬೇಕಾಗುತ್ತಿತ್ತು. ನಡೆದದ್ದು ಒಂದು ಆವರಣ ತುಂಬಿ, ಬರಿದಾದದ್ದು.

ಇಂಥ ವಾಸಕ್ಕೆ ಅಮೆರಿಕದ ಗಣತಿ ನಡೆಸುವ ಸೆನ್ಸಸ್ ಬ್ಯೂರೋ ಇಟ್ಟಿರುವ ಹೆಸರು ಗ್ರೂಪ್ ಕ್ವಾರ್ಟರ್ಸ್. ಸಮೂಹ ವಾಸ ಎನ್ನೋಣ. ವಿದ್ಯಾರ್ಥಿನಿಲಯ, ಸೆರೆಮನೆ, ವೃದ್ಧರ ಶುಶ್ರೂಷಾಲಯ, ಸೈನಿಕರ ಬ್ಯಾರಕ್, ಧಾರ್ಮಿಕ ಸಂಸ್ಥೆಗಳ ವಸತಿ ಎಲ್ಲವೂ ಇದರಲ್ಲಿ ಬರುತ್ತವೆ. ನಮ್ಮ ಜನಗಣತಿಯಲ್ಲೂ ಸಾಂಸ್ಥಿಕ ಕುಟುಂಬ ಎಂಬ ಇಂಥದೇ ವರ್ಗವಿದೆ. 2020ರ ಗಣತಿಯಲ್ಲಿ ಪಿ 5 ಎಂಬ ಒಂದು ಸಣ್ಣ ಕೋಷ್ಟಕವಿದೆ: ಊರಿನಲ್ಲಿ ಎಷ್ಟು ಜನ ಸೆರೆಮನೆಯಲ್ಲಿದ್ದಾರೆ, ಎಷ್ಟು ಜನ ಕಾಲೇಜಿನ ವಸತಿಯಲ್ಲಿದ್ದಾರೆ, ಎಷ್ಟು ಜನ ಶುಶ್ರೂಷಾಲಯದಲ್ಲಿದ್ದಾರೆ ಎಂದು ಹೇಳುತ್ತದೆ. ಜನ ಆದಾಯದ ಕೋಷ್ಟಕಕ್ಕೆ ನೇರವಾಗಿ ಹಾರುತ್ತಾರೆ. ನನ್ನ ಕೇಳಿದರೆ ಪಿ 5 ನೋಡದೆ ಸಣ್ಣ ಊರಿನ ಯಾವ ಅಂಕಿಯನ್ನೂ ಮುಟ್ಟಬಾರದು.

ಅಯೋವಾದಲ್ಲೇ ಅನಮೋಸಾ ಎಂಬ ಇನ್ನೊಂದು ಊರಿದೆ. ಅಲ್ಲಿ ರಾಜ್ಯದ ದೊಡ್ಡ ಸೆರೆಮನೆಯಿದೆ. ಕೈದಿಗಳೂ ಗಣತಿಯ ಪ್ರಕಾರ ಊರಿನ ನಿವಾಸಿಗಳೇ. ಜನಸಂಖ್ಯೆ ಸಮವಾಗಿರಬೇಕೆಂದು ವಾರ್ಡ್ ವಿಂಗಡಿಸಿದಾಗ ಒಂದು ವಾರ್ಡಿನಲ್ಲಿ ಸುಮಾರು 1,300 ಕೈದಿಗಳೂ 60ಕ್ಕಿಂತ ಕಡಿಮೆ ಸ್ವತಂತ್ರ ನಾಗರಿಕರೂ ಉಳಿದರು. ಕೈದಿಗಳಿಗೆ ಮತವಿಲ್ಲ. 2005ರ ಚುನಾವಣೆಯಲ್ಲಿ ಆ ವಾರ್ಡಿನಿಂದ ಒಬ್ಬರು ಒಟ್ಟು ಎರಡೇ ಮತ ಪಡೆದು ನಗರಸಭೆಗೆ ಆಯ್ಕೆಯಾದರು. ಅವರು ಸ್ಪರ್ಧಿಸಿಯೂ ಇರಲಿಲ್ಲ. ಮತಪತ್ರದಲ್ಲಿ ಯಾರೋ ಹೆಸರು ಬರೆದಿದ್ದರು. ಆಮೇಲೆ ಊರಿನವರು ವಾರ್ಡ್ ಪದ್ಧತಿಯನ್ನೇ ಬದಲಿಸಿದರು.

ಈಗ ಆದಾಯಕ್ಕೆ ಬರೋಣ. ನಿಮ್ಮ ನಿಜವಾದ ಅಳುಕು ಇರುವುದು ಅಲ್ಲೇ ಅಲ್ಲವೇ.

ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿ ಆದಾಯವನ್ನು ಕೇಳುವುದೇ ಇಲ್ಲ. ನೀವು ನೋಡಿದ ಆದಾಯದ ಅಂಕಿ ಬರುವುದು ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಮಾದರಿ ಸಮೀಕ್ಷೆಯಿಂದ. 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿರುವ ಈ ಸಮೀಕ್ಷೆ ವರ್ಷಕ್ಕೆ ದೇಶದಾದ್ಯಂತ ಸುಮಾರು 35 ಲಕ್ಷ ವಿಳಾಸಗಳನ್ನು ತಲುಪುತ್ತದೆ. 65,000ಕ್ಕಿಂತ ಕಡಿಮೆ ಜನರಿರುವ ಊರಿಗೆ ಒಂದು ವರ್ಷದ ಮಾದರಿ ಸಾಲುವುದಿಲ್ಲ; ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿ ಒಂದು ಅಂದಾಜು ಕೊಡುತ್ತಾರೆ. ಅಂದರೆ ಫೇರ್‌ಫೀಲ್ಡ್‌ನ ಆದಾಯ ಎಂದು ನೀವು ನೋಡಿದ್ದು ಯಾವ ಒಂದು ವರ್ಷದ್ದೂ ಅಲ್ಲ. ಕೋವಿಡ್‌ನ ಮೊದಲೂ ನಂತರವೂ ಒಂದೇ ಪಾತ್ರೆಯಲ್ಲಿ ಬೆಂದಿರಬಹುದು. ಪ್ರತಿ ಅಂಕಿಯ ಪಕ್ಕದಲ್ಲಿ ದೋಷಮಿತಿ ಎಂದು ಇನ್ನೊಂದು ಅಂಕಿ ಇರುತ್ತದೆ. ಊರಿನ ವಿವರಗಳನ್ನು ಚಂದವಾಗಿ ಜೋಡಿಸಿಕೊಡುವ ಬಹುತೇಕ ಜಾಲತಾಣಗಳು ಅದನ್ನು ಬಿಟ್ಟುಬಿಡುತ್ತವೆ. ಬಿಡಲೇಬಾರದು. ಮನೆ ಆದಾಯ 50,000, ದೋಷಮಿತಿ 8,000 ಎಂದಿದ್ದರೆ (ಇದು ಉದಾಹರಣೆಗೆ ನಾನು ಇಟ್ಟುಕೊಂಡ ಅಂಕಿ), ನಿಜವಾದದ್ದು 42,000ದಿಂದ 58,000ದ ನಡುವೆ ಎಲ್ಲೋ ಇದೆ ಎಂದು ಶೇ 90ರಷ್ಟು ನಂಬಿಕೆಯಿಂದ ಹೇಳಬಹುದು ಎಂದರ್ಥ. ಪಕ್ಕದ ಊರಿನದು 54,000 ಎಂದು ಕಂಡರೆ ಅದು ಹೆಚ್ಚು ಶ್ರೀಮಂತ ಎಂದು ಹೇಳುವಂತಿಲ್ಲ. ವೇದಿಕ್ ಸಿಟಿಯಂಥ ಇನ್ನೂರು ಮುನ್ನೂರು ಜನರ ಊರಿನ ಆದಾಯದ ಅಂಕಿಯನ್ನಂತೂ ನಾನು ಓದಲೂ ಹೋಗುವುದಿಲ್ಲ.

ಮನೆ ಆದಾಯ ಎಂದರೆ ಒಂದೇ ಮನೆಯಲ್ಲಿ ಇರುವ ಎಲ್ಲರ ಗಳಿಕೆಯ ಮೊತ್ತ, ಅವರು ಸಂಬಂಧಿಕರಾಗಿರಲಿ ಇಲ್ಲದಿರಲಿ. ಊರಿನ ಎಲ್ಲ ಮನೆಗಳನ್ನು ಆದಾಯದ ಸಾಲಿನಲ್ಲಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಂತ ಮನೆಯ ಆದಾಯವೇ ಮಧ್ಯಾಂಕ. ಸರಾಸರಿಯಾದರೆ ಒಬ್ಬ ಕುಬೇರ ಇಡೀ ಊರನ್ನು ಮೇಲೆತ್ತಿಬಿಡುತ್ತಾನೆ; ಮಧ್ಯಾಂಕಕ್ಕೆ ಆ ಭಯ ಕಡಿಮೆ. ಅಮೆರಿಕದ ಒಟ್ಟಾರೆ ಮಧ್ಯಾಂಕ ಮನೆ ಆದಾಯ 2023ರಲ್ಲಿ 80,610 ಡಾಲರ್ ಎಂದು ಸೆನ್ಸಸ್ ಬ್ಯೂರೋ ಹೇಳಿದೆ. ನೀವು ಫೇರ್‌ಫೀಲ್ಡನ್ನು ಹೋಲಿಸಿದ್ದು ಇಂಥ ಅಂಕಿಯ ಜೊತೆಗೆ. ಆದರೆ ಸಮೂಹ ವಾಸದಲ್ಲಿರುವವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ತಲಾ ಆದಾಯದ ಲೆಕ್ಕದಲ್ಲಿ ಮಾತ್ರ ಬರುತ್ತಾರೆ. ಅದು ಊರಿನ ಒಟ್ಟು ಆದಾಯವನ್ನು ಹಸುಗೂಸಿನಿಂದ ಹಿಡಿದು ಕೈದಿಯವರೆಗೆ ಎಲ್ಲ ತಲೆಗಳಿಗೂ ಭಾಗಿಸಿದ್ದು. ಇದರಿಂದಾಗಿ ಒಂದೇ ಊರಿನ ಎರಡು ಅಂಕಿಗಳು ಎರಡು ಬೇರೆ ಊರುಗಳ ಬಗ್ಗೆ ಹೇಳುತ್ತಿರುವಂತೆ ಕಾಣುತ್ತವೆ.

ತಲಾ ಆದಾಯ ಎಷ್ಟು ದಾರಿ ತಪ್ಪಿಸಬಲ್ಲದು ಎನ್ನುವುದಕ್ಕೆ ನ್ಯೂಯಾರ್ಕ್ ರಾಜ್ಯದ ಕಿರ್ಯಾಸ್ ಜೋಯಲ್ ಪ್ರಸಿದ್ಧ ಉದಾಹರಣೆ. ಹಸಿದಿಕ್ ಎಂಬ ಸಂಪ್ರದಾಯನಿಷ್ಠ ಪಂಥದ ಯಹೂದಿಗಳ ಊರು. 2010ರಲ್ಲಿ 20,175 ಜನ, 2020ರಲ್ಲಿ 32,954. ಒಂದೊಂದು ಮನೆಯಲ್ಲಿ ಮಕ್ಕಳು ಎಷ್ಟೆಂದರೆ ಊರಿನ ಮಧ್ಯಾಂಕ ವಯಸ್ಸು ಹದಿಮೂರರ ಆಸುಪಾಸು. ಮಕ್ಕಳು ಸಂಪಾದಿಸುವುದಿಲ್ಲ, ಆದರೆ ಭಾಜಕದಲ್ಲಿ ಕುಳಿತಿರುತ್ತಾರೆ. 2011ರಲ್ಲಿ ಪತ್ರಿಕೆಗಳು ಅದನ್ನು ಅಮೆರಿಕದ ಅತಿ ಬಡ ಊರು ಎಂದು ಬರೆದವು. ಅಲ್ಲಿ ಕೊಳೆಗೇರಿಯೂ ಇಲ್ಲ, ನಿರಾಶ್ರಿತರೂ ಇಲ್ಲ ಎಂದು ಅದೇ ವರದಿಗಳಲ್ಲಿ ಅಚ್ಚರಿಯೂ ಇತ್ತು.

ಫೇರ್‌ಫೀಲ್ಡ್‌ಗೆ ಮರಳುತ್ತೇನೆ. ಅಲ್ಲಿ ಮೂರು ಬಗೆಯ ಜನರಿದ್ದಾರೆ. ಮೂವರ ಆದಾಯವೂ ಮೂರು ಬೇರೆ ಬೇರೆ ರೀತಿಯಲ್ಲಿ ಕೋಷ್ಟಕದಿಂದ ಜಾರಿಕೊಳ್ಳುತ್ತದೆ.

ಮೊದಲನೆಯವರು ಮೂಲ ಊರಿನವರು, ಅಲ್ಲಿಯ ಮಾತಿನಲ್ಲಿ ಟೌನೀಗಳು. ಅವರಲ್ಲಿ ಕಾರ್ಖಾನೆ, ಅಂಗಡಿ, ಕೌಂಟಿ ಕಚೇರಿಗಳಲ್ಲಿ ದುಡಿಯುವವರ ಸಂಬಳ ಸಮೀಕ್ಷೆಗೆ ಸರಿಯಾಗಿಯೇ ಸಿಗುತ್ತದೆ. ಆದರೆ ಸುತ್ತಲಿನ ರೈತ? ಸಮೀಕ್ಷೆ ಕೇಳುವುದು ಖರ್ಚು ಕಳೆದ ನಿವ್ವಳ ಆದಾಯ. ಮೆಕ್ಕೆಜೋಳದ ಬೆಲೆ ಬಿದ್ದ ವರ್ಷ, ಅಥವಾ ಹೊಸ ಟ್ರ್ಯಾಕ್ಟರಿನ ಸವಕಳಿ ತೋರಿಸಿದ ವರ್ಷ ಅದು ಸೊನ್ನೆಯ ಕೆಳಗೂ ಇಳಿಯಬಹುದು. ಜಮೀನಿನ ಬೆಲೆ ಮಾತ್ರ ಯಾವ ಕಾಲಂನಲ್ಲೂ ಇಲ್ಲ. ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಸಮೀಕ್ಷೆಯಂತೆ 2023ರಲ್ಲಿ ರಾಜ್ಯದ ಕೃಷಿಭೂಮಿಯ ಸರಾಸರಿ ಬೆಲೆ ಎಕರೆಗೆ 11,835 ಡಾಲರ್. ಎಲ್ಲ ಕೌಂಟಿಗಳಲ್ಲೂ ಅಷ್ಟಿರುವುದಿಲ್ಲ, ಬಹಳ ರೈತರು ಗೇಣಿಗೂ ಉಳುತ್ತಾರೆ, ಸಾಲವೂ ಇರುತ್ತದೆ. ಆದರೂ ಸ್ವಂತ ಇನ್ನೂರು ಎಕರೆ ಇರುವವನೊಬ್ಬ ಆದಾಯದ ಪಟ್ಟಿಯಲ್ಲಿ ಬಡವನಾಗಿ ಕುಳಿತಿರುವ ಸಾಧ್ಯತೆ ನಿಮ್ಮಂಥ ಬ್ಯಾಂಕಿನವರಿಗೆ ಹೊಸದಾಗಿರಲಾರದು.

ಎರಡನೆಯವರು ಧ್ಯಾನದವರು. ಗುರು ಎಂಬುದರ ಬಾಲವನ್ನಷ್ಟೇ ಹಿಡಿದು ಊರಿನವರು ಅವರನ್ನು 'ರೂ' ಎಂದು ಕರೆಯುತ್ತಿದ್ದರು; ಮೊದಮೊದಲು ಅದರಲ್ಲಿ ಪ್ರೀತಿಯೇನೂ ಇರಲಿಲ್ಲ. ಇವರು ಬಂದ ಕತೆಯೂ ಒಂದು ಕಟ್ಟಡದ್ದೇ. ಫೇರ್‌ಫೀಲ್ಡ್‌ನಲ್ಲಿ ಪಾರ್ಸನ್ಸ್ ಕಾಲೇಜು ಎಂಬ ಹಳೆಯ ಸಂಸ್ಥೆಯಿತ್ತು. ಬೇರೆ ಕಡೆ ನಪಾಸಾದವರನ್ನೂ ಸೇರಿಸಿಕೊಂಡು 1960ರ ದಶಕದಲ್ಲಿ ಐದು ಸಾವಿರ ವಿದ್ಯಾರ್ಥಿಗಳವರೆಗೆ ಬೆಳೆದು, ಮಾನ್ಯತೆ ಕಳೆದುಕೊಂಡು, 1973ರಲ್ಲಿ ಬಾಗಿಲು ಹಾಕಿತು. ಮರುವರ್ಷ ಆ ಖಾಲಿ ಕ್ಯಾಂಪಸ್ಸನ್ನು ಮಹರ್ಷಿಯವರ ವಿಶ್ವವಿದ್ಯಾಲಯ ಕೊಂಡಿತು. 1979ರ ನಂತರ ಧ್ಯಾನಿಗಳು ದೇಶದ ನಾನಾ ಕಡೆಗಳಿಂದ ಇಲ್ಲಿಗೇ ಬಂದು ನೆಲೆಸತೊಡಗಿದರು. 1980–81ರಲ್ಲಿ ಒಟ್ಟಾಗಿ ಕುಳಿತು ಧ್ಯಾನ ಮಾಡಲು ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಎರಡು ಬಂಗಾರದ ಬಣ್ಣದ ಗುಮ್ಮಟಗಳು ಎದ್ದವು. ಬಂದವರಲ್ಲಿ ಓದಿದವರಿದ್ದರು, ವ್ಯಾಪಾರದ ಚುರುಕು ಇದ್ದವರಿದ್ದರು. ಇಷ್ಟು ಸಣ್ಣ ಊರಿಗೆ ಹೆಚ್ಚೆನ್ನಿಸುವಷ್ಟು ಸಾಫ್ಟ್‌ವೇರ್, ಟೆಲಿಕಾಂ ಕಂಪನಿಗಳು ಹುಟ್ಟಿ, ಮೆಕ್ಕೆಜೋಳದ ಇಂಗ್ಲಿಷ್ ಹೆಸರಿನ ಜೊತೆ ಆಟವಾಡಿ ಊರಿಗೆ 'ಸಿಲಿಕಾರ್ನ್ ವ್ಯಾಲಿ' ಎಂಬ ಅಡ್ಡಹೆಸರು ಬಿತ್ತು.

ಆಗ ಇಪ್ಪತ್ತೈದರ ಪ್ರಾಯದಲ್ಲಿ ಬಂದವರಿಗೆ ಈಗ ಎಪ್ಪತ್ತು. ಅವರ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ, ಬಡ್ಡಿ, ಲಾಭಾಂಶಗಳು ಸಮೀಕ್ಷೆಯಲ್ಲಿ ಆದಾಯವೇ. ಆದರೆ ಕಂಪನಿಯನ್ನೋ ಷೇರನ್ನೋ ಮಾರಿ ಬಂದ ಬಂಡವಾಳ ಲಾಭ ಆದಾಯವಲ್ಲ. ಉಳಿತಾಯ ಖಾತೆಯಿಂದ ತೆಗೆದು ಖರ್ಚು ಮಾಡಿದ್ದೂ ಅಲ್ಲ. ಒಮ್ಮೆಗೇ ಬಂದ ಪಿತ್ರಾರ್ಜಿತವೂ ಅಲ್ಲ. ಸ್ವಂತ ಮನೆಯಲ್ಲಿ, ಬಾಡಿಗೆಯ ಚಿಂತೆಯಿಲ್ಲದೆ, ಹಳೆಯ ಗಂಟನ್ನು ಕರಗಿಸುತ್ತ ದಿನಕ್ಕೆರಡು ಬಾರಿ ಗುಮ್ಮಟಕ್ಕೆ ಹೋಗಿ ಬರುವ ದಂಪತಿ ಕೋಷ್ಟಕದಲ್ಲಿ ಕೆಳಸಾಲಿನಲ್ಲೇ ಕಾಣುತ್ತಾರೆ. ಹಾಗೆಂದು ಎಲ್ಲ ಧ್ಯಾನಿಗಳೂ ಅನುಕೂಲಸ್ಥರೆಂದು ನಾನು ಹೇಳುತ್ತಿಲ್ಲ. ಅನುಕೂಲಸ್ಥರು ಯಾರು, ನಿಜವಾಗಿ ಬಡವರು ಯಾರು ಎಂದು ಕೋಷ್ಟಕ ಬೇರ್ಪಡಿಸಿ ತೋರಿಸುವುದಿಲ್ಲ, ಅಷ್ಟೇ.

ಮೂರನೆಯವರು ನಿಮ್ಮ ಮಗನಂಥವರು. ಅವನು ಕ್ಯಾಂಪಸ್ಸಿನ ವಸತಿಯಲ್ಲಿದ್ದರೆ ಬಡತನದ ಲೆಕ್ಕದಲ್ಲೇ ಇಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದವರನ್ನು ಬಡವರೆಂದೂ ಎಣಿಸುವುದಿಲ್ಲ, ಬಡವರಲ್ಲವೆಂದೂ ಎಣಿಸುವುದಿಲ್ಲ. ಊರಿನಲ್ಲಿ ಬಾಡಿಗೆ ಮನೆ ಹಿಡಿದರೆ ಲೆಕ್ಕಕ್ಕೆ ಬಂದ. ಆಗ ಒಂದು ಚಮತ್ಕಾರ ನಡೆಯುತ್ತದೆ. ನಾಲ್ವರು ಗೆಳೆಯರು ಒಂದು ಮನೆಯಲ್ಲಿದ್ದು, ಪ್ರತಿಯೊಬ್ಬನೂ ವರ್ಷಕ್ಕೆ 15,000 ಡಾಲರ್ ಸಂಪಾದಿಸಿದ ಎನ್ನಿ. ಮನೆ ಆದಾಯ 60,000, ಸುಮಾರಾದ ಮನೆ. ಆದರೆ ಬಡತನದ ಲೆಕ್ಕದಲ್ಲಿ ಸಂಬಂಧಿಕರಲ್ಲದವರನ್ನು ಒಬ್ಬೊಬ್ಬರನ್ನಾಗಿಯೇ ನೋಡುತ್ತಾರೆ. ಒಬ್ಬನೇ ಇರುವ, 65 ದಾಟದ ವ್ಯಕ್ತಿಯ ಬಡತನ ರೇಖೆ 2023ರಲ್ಲಿ 15,800 ಡಾಲರಿನಷ್ಟಿತ್ತು. ಹಾಗಾಗಿ ನಾಲ್ವರೂ ಬಡವರು. ನಾಲ್ವರು ಬಡವರಿರುವ, ಬಡತನವಿಲ್ಲದ ಮನೆ! ವಿಶ್ವವಿದ್ಯಾಲಯ ಇರುವ ಸಣ್ಣ ಊರುಗಳಲ್ಲೆಲ್ಲ ಬಡತನದ ಪ್ರಮಾಣ ಉಬ್ಬಿಕೊಂಡಿರುವುದಕ್ಕೆ ಇದು ದೊಡ್ಡ ಕಾರಣ.

ಆ ರೇಖೆಯ ಹುಟ್ಟನ್ನೂ ತಿಳಿದಿರುವುದು ಒಳ್ಳೆಯದು. ಮೋಲಿ ಓರ್ಶಾನ್‌ಸ್ಕಿ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞೆ 1960ರ ದಶಕದ ಮೊದಲ ಭಾಗದಲ್ಲಿ ಕುಟುಂಬವೊಂದರ ಅಗ್ಗದ ಆಹಾರದ ಖರ್ಚನ್ನು ಮೂರರಿಂದ ಗುಣಿಸಿ ಅದನ್ನು ರೂಪಿಸಿದರು. ಅಂದಿನಿಂದ ಬೆಲೆ ಏರಿಕೆಗೆ ತಕ್ಕಂತೆ ಹಿಗ್ಗಿಸುತ್ತ ಬಂದಿದ್ದಾರೆ. ಇಬ್ಬರು ಮಕ್ಕಳಿರುವ ನಾಲ್ವರ ಕುಟುಂಬಕ್ಕೆ 2023ರಲ್ಲಿ 30,900 ಡಾಲರ್. ಈ ರೇಖೆ ಸ್ಯಾನ್‌ಫ್ರಾನ್ಸಿಸ್ಕೋಗೂ ಫೇರ್‌ಫೀಲ್ಡ್‌ಗೂ ಒಂದೇ. ಬಾಡಿಗೆ ಎಲ್ಲಿ ಎಷ್ಟು ಎಂಬುದು ಅದಕ್ಕೆ ಗೊತ್ತಿಲ್ಲ. ದುಬಾರಿ ನಗರದಲ್ಲಿ ರೇಖೆಯ ಮೇಲಿದ್ದೂ ಪರದಾಡುವವರಿದ್ದಾರೆ. ಅಯೋವಾದ ಸಣ್ಣ ಊರಿನಲ್ಲಿ ಅದೇ ಹಣ ಹೆಚ್ಚು ದಿನ ಬಾಳುತ್ತದೆ. ದೇಶದ ಮಧ್ಯಾಂಕಕ್ಕಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ಅಂಜಬೇಕಿಲ್ಲ ಎನ್ನುವುದು ಇದರಿಂದಲೇ.

ಇನ್ನೊಂದು ಸಣ್ಣ ಎಚ್ಚರಿಕೆ, ವೇದಿಕ್ ಸಿಟಿಯ 277ರ ಬಗ್ಗೆ. 2020ರ ಗಣತಿಯಲ್ಲಿ ವ್ಯಕ್ತಿಗಳ ಗುಟ್ಟು ಕಾಪಾಡಲೆಂದು ಸಣ್ಣ ಪ್ರದೇಶಗಳ ಅಂಕಿಗಳಿಗೆ ಬೇಕೆಂದೇ ಸ್ವಲ್ಪ ಗದ್ದಲ ಬೆರೆಸಿದರು, ಅಂದರೆ ಅಂಕಿಗಳನ್ನು ಮನಬಂದಂತೆ ತುಸು ಹೆಚ್ಚು ಕಡಿಮೆ ಮಾಡಿದರು. ರಾಜ್ಯದ ಒಟ್ಟು ಮೊತ್ತ ಹಾಗೆಯೇ ಇರುತ್ತದೆ. ಊರಿನದು ಒಂದಿಷ್ಟು ಆಚೀಚೆ ಆಗಿರಬಹುದು. ನೆಬ್ರಾಸ್ಕಾದ ಮೊನೊವಿ ಎಂಬ ಊರಿನಲ್ಲಿ 2010ರಲ್ಲಿ ಇದ್ದದ್ದು ಒಬ್ಬರೇ, ಒಬ್ಬ ವೃದ್ಧೆ. ಅವರೇ ಮೇಯರ್, ಅವರೇ ಹೋಟೆಲಿನ ಒಡತಿ, ಅವರೇ ಗ್ರಂಥಪಾಲಕಿ. 2020ರ ಗಣತಿ ಅಲ್ಲಿ ಇಬ್ಬರಿದ್ದಾರೆ ಎಂದಿತು. ಆ ಎರಡನೆಯ ನಿವಾಸಿ ಹುಟ್ಟಿದ್ದು ಗಣಿತದ ಸೂತ್ರವೊಂದರ ಹೊಟ್ಟೆಯಲ್ಲಿ. ಆದ್ದರಿಂದ 277 ಎಂಬುದನ್ನು ಮುನ್ನೂರಕ್ಕೆ ತುಸು ಕಡಿಮೆ ಎಂದು ಓದಿಕೊಳ್ಳಿ. ಸಾವಿರದ ಇಳಿಕೆಗೆ ಅದರಿಂದ ಧಕ್ಕೆಯಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಊರು ಖಾಲಿಯಾಗುತ್ತಿಲ್ಲ. ಶ್ರೀಮಂತ ಊರೂ ಅಲ್ಲ, ಆದರೆ ನೀವು ಹೆದರಿದ ಬಗೆಯ ಬಡ ಊರೂ ಅಲ್ಲ. ನಿಮ್ಮ ಮಗನ ಮಟ್ಟಿಗೆ ಊರಿನ ಆದಾಯಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಅಲ್ಲಿಯ ಕಂಪ್ಯೂಟರ್ ಸ್ನಾತಕೋತ್ತರ ಪದವಿಯ ಪ್ರಸಿದ್ಧ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳು ಕೆಲವು ತಿಂಗಳು ಮಾತ್ರ ಕ್ಯಾಂಪಸ್ಸಿನಲ್ಲಿ ಓದಿ, ನಂತರ ಸಂಬಳ ಸಿಗುವ ತರಬೇತಿ ಕೆಲಸ ಹಿಡಿದು ಬೇರೆ ನಗರಕ್ಕೆ ಹೋಗುತ್ತಾರೆ. ಉಳಿದ ಪಾಠ ದೂರಶಿಕ್ಷಣದಲ್ಲಿ. ನೇಪಾಳ, ಇಥಿಯೋಪಿಯಾ ಮೊದಲಾದ ದೇಶಗಳಿಂದ ಬಂದ ಎಷ್ಟೋ ಜನ ಹೀಗೆಯೇ ಫೇರ್‌ಫೀಲ್ಡನ್ನು ಹಾದುಹೋಗಿದ್ದಾರೆ. ನಿಮ್ಮ ಮಗ ಸೇರಿದ್ದು ಇದೇ ವ್ಯವಸ್ಥೆಯಾದರೆ, ಫೇರ್‌ಫೀಲ್ಡ್‌ನ ಬಾಡಿಗೆಯ ಜೊತೆಗೆ ಆ ತರಬೇತಿಯ ಕೆಲಸ ಸಿಗುವುದು ತಡವಾದರೆ ಕೈಯಲ್ಲಿ ಎಷ್ಟು ತಿಂಗಳ ಹಣವಿದೆ ಎಂದು ಲೆಕ್ಕ ಹಾಕಿ. ಆ ಲೆಕ್ಕಕ್ಕೆ ಯಾವ ಸೆನ್ಸಸ್ ಕೋಷ್ಟಕವೂ ನೆರವಾಗದು. ನಿಮ್ಮ ಹಳೆಯ ವೃತ್ತಿ ನೆರವಾಗುತ್ತದೆ.

ಅವನು ಊರಿನಲ್ಲಿ ಬಾಡಿಗೆ ಮನೆ ಹಿಡಿದು, ಒಂದು ದಿನ ಆ ಸಮೀಕ್ಷೆಯ ಲಕೋಟೆ ಬಾಗಿಲಿಗೆ ಬಂದರೆ ಎಸೆಯದಿರಲಿ. ಎರಡು ತಿಂಗಳಿಗಿಂತ ಹೆಚ್ಚು ಕಾಲ ಆ ಮನೆಯಲ್ಲಿ ಇರುವವರೆಲ್ಲ, ಯಾವ ದೇಶದವರಾದರೂ, ಅದರಲ್ಲಿ ಸೇರಬೇಕು. ಉತ್ತರಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಆದಾಯದ ಕಾಲಂ ಬಂದಾಗ, ನೀವು ಇಲ್ಲಿ ಸಹಿ ಹಾಕಿಕೊಟ್ಟ ಶಿಕ್ಷಣ ಸಾಲವನ್ನು ಅದರಲ್ಲಿ ಬರೆಯಬೇಡ ಎಂದು ಈಗಲೇ ಹೇಳಿ ಕಳುಹಿಸಿ.